ಬಿದಿರು ಹೂ ಬಿಟ್ಟ ವರ್ಷ

ಮಕ್ಕಳ ಕೋರ್ಟಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ಬಂದವರು ಸೆಕ್ಷನ್ನು, ರೂಲು, ಸರ್ಕ್ಯುಲರ್ ಎಂದು ಶುರುಮಾಡುತ್ತಾರೆ. ನಾನು ತಡೆದು, "ಅದೆಲ್ಲ ಪುಸ್ತಕದಲ್ಲಿದೆ, ಓದಿಕೊಳ್ಳಿ. ಮಗುವಿನ ವಯಸ್ಸನ್ನು ಹೇಗೆ ಕೇಳುತ್ತೀರಿ, ಅದನ್ನು ಹೇಳಿ" ಎನ್ನುತ್ತೇನೆ. ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತೇವೆ, ಸ್ಕೂಲ್ ಸರ್ಟಿಫಿಕೇಟ್ ನೋಡುತ್ತೇವೆ ಎನ್ನುತ್ತಾರೆ. ಒಳ್ಳೆಯದೇ. ನಮ್ಮ ಕಾಲದಲ್ಲಿ ನನ್ನ ಹತ್ತಿರ ಬಂದ ಮಕ್ಕಳಿಗೆ ಎರಡೂ ಇರಲಿಲ್ಲ. ಇದ್ದದ್ದು ತಾಯಿಯ ಮಾತು. ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ನಾನು ಒಬ್ಬ ಹುಡುಗನನ್ನು ದೊಡ್ಡವರ ಜೈಲಿಗೆ ಕಳಿಸಿದೆ. ಈ ಬರಹ ಅದಕ್ಕಾಗಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ಓದುವ ಕರ್ಮ ಯಾರಿಗೂ ಬೇಡ.

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ ನಾನು ಕೊಳ್ಳೇಗಾಲದ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಪ್ರೊಬೇಷನ್ ಆಫೀಸರನಾಗಿ ಬಂದೆ. ಹೆಸರು ದೊಡ್ಡದು, ಕೆಲಸ ಸೈಕಲ್ ತುಳಿಯುವುದು. ಸಿಕ್ಕಿಬಿದ್ದ ಮಗುವಿನ ಊರಿಗೆ ಹೋಗಿ ಅದರ ವಯಸ್ಸು, ತಂದೆತಾಯಿ, ನಡತೆ ವಿಚಾರಿಸಿ ಕೋರ್ಟಿಗೆ ವರದಿ ಕೊಡಬೇಕು. ಕೋರ್ಟು ಮಗುವನ್ನು ಮನೆಗೆ ಬಿಟ್ಟರೆ, ಅದು ಮತ್ತೆ ದಾರಿ ತಪ್ಪದ ಹಾಗೆ ನೋಡಿಕೊಳ್ಳಬೇಕು. ಆಗ ಕೊಳ್ಳೇಗಾಲ, ಹನೂರು ಎರಡೂ ಮದ್ರಾಸ್ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದಲ್ಲೇ ಇದ್ದ ಯಳಂದೂರು ಮೈಸೂರಿನದು. ಕೋರ್ಟಿನ ಕಾಗದ ಇಂಗ್ಲಿಷಿನಲ್ಲಿ, ಸಾಹೇಬರ ಬೈಗುಳ ತಮಿಳಿನಲ್ಲಿ, ಸಾಕ್ಷಿಗಳ ಸುಳ್ಳು ಕನ್ನಡದಲ್ಲಿ. ಮೂರನ್ನೂ ಬಲ್ಲವನೆಂದು ನನಗೆ ಈ ಕೆಲಸ ಸಿಕ್ಕಿತ್ತು.

ನಮ್ಮ ಮ್ಯಾಜಿಸ್ಟ್ರೇಟರು ತಂಜಾವೂರು ಕಡೆಯವರು. ತೆಳ್ಳಗೆ, ಬೆಳ್ಳಗೆ, ಸದಾ ನಶ್ಯದ ಡಬ್ಬಿ. ಮಕ್ಕಳ ಕೇಸುಗಳನ್ನು ಶನಿವಾರ, ಕೋರ್ಟಿನ ಹಿಂದಿನ ಸಣ್ಣ ಕೋಣೆಯಲ್ಲಿ ನಡೆಸುತ್ತಿದ್ದರು. ಅಲ್ಲಿ ಕಟಕಟೆ ಇರಲಿಲ್ಲ, ಎತ್ತರದ ಪೀಠ ಇರಲಿಲ್ಲ. ಪೊಲೀಸರು ಯೂನಿಫಾರಂ ಹಾಕಿಕೊಂಡು ಬರಬಾರದು, ಮಕ್ಕಳು ಹೆದರುತ್ತವೆ ಎಂದು ನಿಯಮ. ಕಾನ್‌ಸ್ಟೆಬಲ್ ಪೊನ್ನುಸ್ವಾಮಿ ಮೊದಲ ಶನಿವಾರ ಶುಭ್ರವಾದ ಪಂಚೆ ಉಟ್ಟು ಬಂದ. ಪಂಚೆ ಜಾರೀತೆಂದು ಅದರ ಮೇಲೆ ಇಲಾಖೆಯ ಚರ್ಮದ ಬೆಲ್ಟು, ಕಾಲಲ್ಲಿ ಬೂಟು. ಅವನನ್ನು ಕಂಡು ಹೆದರಬೇಕಾಗಿದ್ದ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವು. ಸಾಹೇಬರೂ ನಶ್ಯದ ನೆಪದಲ್ಲಿ ಆಚೆ ತಿರುಗಿದರು.

ಯುದ್ಧ ನಿಂತರೂ ಅದರ ಬಿಸಿ ನಿಂತಿರಲಿಲ್ಲ. ಅಕ್ಕಿಗೆ ರೇಷನ್, ಬಟ್ಟೆಗೆ ರೇಷನ್, ಸೀಮೆಎಣ್ಣೆಗೆ ರೇಷನ್. ಮೈಸೂರಿನ ಧಾನ್ಯ ಮದ್ರಾಸಿಗೆ ಬರಬಾರದು, ಇಲ್ಲಿನದು ಅಲ್ಲಿಗೆ ಹೋಗಬಾರದು. ಒಂದೇ ಮಾತು, ಒಂದೇ ಮುದ್ದೆ, ಬೀಗರೂ ಆಚೆ ಈಚೆ. ನಡುವೆ ಒಂದು ಗಡಿಕಲ್ಲು. ಯಳಂದೂರು ಕಡೆಯಿಂದ ಅಕ್ಕಿ ತರಿಸುತ್ತಿದ್ದ ವ್ಯಾಪಾರಿಗಳು ಒಂದು ಉಪಾಯ ಕಂಡುಕೊಂಡರು. ದೊಡ್ಡವರು ಹೊತ್ತರೆ ಜೈಲು, ಮಕ್ಕಳು ಹೊತ್ತರೆ ಬುದ್ಧಿಮಾತು. ಸರಿ, ಮಕ್ಕಳ ತಲೆಯ ಮೇಲೆ ಹೊರೆ ಬಂತು. ಅಪ್ಪ ಯುದ್ಧಕ್ಕೆ ಹೋಗಿ ಬಾರದ ಮಕ್ಕಳು, ಕೆಲಸವಿಲ್ಲದೆ ನಿಂತ ಮಗ್ಗದ ಮನೆಯ ಮಕ್ಕಳು ಬೆಳಗಾದರೆ ಗಡಿಯಲ್ಲಿ ಇರುವೆಯ ಸಾಲು.

ಒಬ್ಬ ಪುಟ್ಟ ಪೋರನಂತೂ ಗಡಿಕಲ್ಲಿನ ಆಚೆ ಹೊರೆ ಇಳಿಸಿ, ಅದರ ಮೇಲೆ ಕೂತು, ಪೊನ್ನುಸ್ವಾಮಿಯನ್ನು ಮಾತಾಡಿಸುತ್ತಿದ್ದ. "ಬನ್ನಿ ಸಾ, ಬಂದು ಇಡ್ಕಳಿ. ಇದು ಮಾರಾಜ್ರು ಸೀಮೆ." ಪೊನ್ನುಸ್ವಾಮಿ ಈಚೆ ನಿಂತು ಹಲ್ಲು ಕಡಿಯುತ್ತಿದ್ದ. ಕಾನೂನಿಗೆ ಗಡಿ ಇದೆ, ಹಸಿವಿಗೆ ಇಲ್ಲ ಎಂಬುದನ್ನು ನಾನು ಅಲ್ಲಿ ನೋಡಿದೆ.

ಹೀಗಿರುವಾಗ ಒಂದು ಶನಿವಾರ ಒಬ್ಬ ವ್ಯಾಪಾರಿ ಐದು ಹುಡುಗರನ್ನು ಸಾಲಾಗಿ ನಿಲ್ಲಿಸಿಕೊಂಡು ಬಂದ. ಎಲ್ಲರಿಗೂ ಹದಿಮೂರು ವರ್ಷ ಎಂದ. ಹದಿನಾರು ದಾಟದಿದ್ದರೆ ಮಕ್ಕಳ ಕೋರ್ಟು, ದಾಟಿದ್ದರೆ ದೊಡ್ಡವರ ಕೋರ್ಟು ಎಂಬುದು ಅಷ್ಟು ಹೊತ್ತಿಗೆ ಊರಿಗೆಲ್ಲ ತಿಳಿದಿತ್ತು. ಐದನೆಯವನ ಮೂಗಿನ ಕೆಳಗೆ ಆಗತಾನೆ ಬೋಳಿಸಿದ ಹಸಿರು. ನಾನು ಅದನ್ನು ಗಮನಿಸದೆ ಹದಿಮೂರು ಎಂದೇ ಬರೆದುಕೊಟ್ಟೆ. ಎಚ್ಚರಿಕೆ ಹೇಳಿ ಬಿಟ್ಟರು. ಮುಂದಿನ ವಾರವೇ ಸತ್ತೇಗಾಲದಿಂದ ಒಬ್ಬ ಹೆಂಗಸು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತಳು. "ನಿಮ್ಮ ಅದ್ಮೂರು ವರ್ಸದ ಮಗ ನನ್ನ ಗಂಡ ಕಣ್ರಿ. ಎಲ್ಲವ್ನೆ ಅವ್ನು?" ಕೋರ್ಟಿನ ಜವಾನರು ತಿಂಗಳುಗಟ್ಟಲೆ ಇದನ್ನು ಹೇಳಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇನ್ನು ಮೇಲೆ ಯಾರ ಬಾಯಿಮಾತನ್ನೂ ನಂಬುವುದಿಲ್ಲ ಎಂದು ಹಟ ತೊಟ್ಟೆ. ನನ್ನ ತಪ್ಪಿನ ಬೀಜ ಈ ಹಟದಲ್ಲೇ ಇತ್ತು.

ವಯಸ್ಸು ಕಂಡುಹಿಡಿಯಲು ನಾನೊಂದು ಪಟ್ಟಿ ಮಾಡಿದೆ. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ತಾರೀಕು ಯಾರಿಗೂ ಗೊತ್ತಿರಲಿಲ್ಲ, ಆದರೆ ಹುಟ್ಟಿದಾಗ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾವೇರಿಯ ದೊಡ್ಡ ನೆರೆ ಬಂದ ವರ್ಷ, ಪ್ಲೇಗಿಗೆ ಊರು ಬಿಟ್ಟ ವರ್ಷ, ಹನೂರಿಗೆ ಮೊದಲ ಬಸ್ಸು ಬಂದ ವರ್ಷ, ಕಾಮಗೆರೆಯ ಕೆರೆ ಒಡೆದ ವರ್ಷ, ಬೆಟ್ಟದಲ್ಲಿ ಬಿದಿರು ಹೂ ಬಿಟ್ಟ ವರ್ಷ. ಬಿದಿರು ಹೂ ಬಿಡುವುದು ಅದರ ಆಯುಸ್ಸಿನಲ್ಲಿ ಒಂದೇ ಸಲ. ಹೂ ಬಿಟ್ಟು, ಅಕ್ಕಿಯಂಥ ಕಾಳು ಉದುರಿಸಿ, ಮೆಳೆಗೆ ಮೆಳೆಯೇ ಒಣಗಿ ಸಾಯುತ್ತದೆ. ಕಂಡವರು ಮರೆಯುವುದಿಲ್ಲ. ಇವಕ್ಕೆಲ್ಲ ಇಸವಿ ಹುಡುಕಿ, ಹಳಬರನ್ನು ಕೇಳಿ, ಎರಡೆರಡು ಸಲ ತಾಳೆ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಬಿದಿರಿನ ಇಸವಿಯನ್ನು ಹೇಳಿದವನು ಯಳಂದೂರಿನ ರಂಗಯ್ಯ. ಬಿಳಿಗಿರಿರಂಗನ ಬೆಟ್ಟದಲ್ಲಿ ಮೂವತ್ತು ವರ್ಷ ಫಾರೆಸ್ಟ್ ಗಾರ್ಡಾಗಿದ್ದವನು. ಬಿದಿರಿನ ವಿಷಯದಲ್ಲಿ ಅವನಿಗಿಂತ ದೊಡ್ಡ ಸಾಕ್ಷಿ ಬೇಕೆ ಎಂದು ನಾನು ಕಣ್ಣು ಮುಚ್ಚಿ ಬರೆದುಕೊಂಡೆ.

ಪಟ್ಟಿ ಕೆಲಸ ಮಾಡಿತು. ಸುಳ್ಳು ಹೇಳಲು ಬಂದವರು ಕಾಮಗೆರೆ ಕೆರೆಯಲ್ಲಿ ಸಿಕ್ಕಿಬೀಳುತ್ತಿದ್ದರು. ಸಾಹೇಬರು, "ನಿಮ್ಮ ಪಟ್ಟಿ ಡಾಕ್ಟರಿಗಿಂತ ಮೇಲು" ಎಂದರು. ಕೊಯಮತ್ತೂರಿನ ನನ್ನ ಮೇಲಧಿಕಾರಿಯೂ ಅದರ ನಕಲು ತರಿಸಿಕೊಂಡರು. ಹಳ್ಳಿಗಳಲ್ಲಿ ನನಗೆ 'ವಯಸ್ಸು ಕೇಳೋ ಸಾ' ಎಂದು ಹೆಸರು ಬಿತ್ತು. ನನಗೆ ಒಳಗೊಳಗೇ ಜಂಬ. ಜಂಬ ಬಂದ ಮೇಲೆ ಕಿವಿ ಮಂದವಾಗುತ್ತದೆ, ಇದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ.

ಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು. ಹನೂರಿನಾಚೆ, ಮಲೆ ಮಹದೇಶ್ವರ ಬೆಟ್ಟದ ದಾರಿಯ ನಾಕಾದಲ್ಲಿ ಜಡೆಯ ಎಂಬ ಸೋಲಿಗರ ಹುಡುಗ ಸಿಕ್ಕಿಬಿದ್ದ. ಸೌದೆ ಹೊರೆಯ ಒಳಗೆ ಶ್ರೀಗಂಧದ ಕೊರಡು. ಉದ್ದ ಕಾಲು, ಅಗಲ ಭುಜ, ನನ್ನ ಕಿವಿಯಷ್ಟು ಎತ್ತರ. ಹೊರೆ ಕೊಟ್ಟವರು ಯಾರು ಎಂದರೆ ನೆಲ ನೋಡುತ್ತಿದ್ದ. ಕೊಟ್ಟವನು ಯಾವನೋ ಮೇಸ್ತ್ರಿ ಎಂಬುದು ನಾಕಾದ ಕಲ್ಲಿಗೂ ಗೊತ್ತಿತ್ತು. ಆದರೆ ಕೇಸು ಹೊರೆ ಹೊತ್ತವನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಹುಡುಗನ ತಾಯಿ ಕೇತಮ್ಮ ಪೋಡಿನಿಂದ, ಅಂದರೆ ಕಾಡಿನೊಳಗಿನ ಅವರ ಹಾಡಿಯಿಂದ, ಎರಡು ದಿನ ನಡೆದು ಕೊಳ್ಳೇಗಾಲಕ್ಕೆ ಬಂದಳು. ಗಂಡ ತೀರಿಕೊಂಡಿದ್ದ. ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ಕೂತಿದ್ದವಳನ್ನು ಕರೆಸಿ ಕೇಳಿದೆ.

"ನಿನ್ನ ಮಗನಿಗೆ ವಯಸ್ಸೆಷ್ಟಮ್ಮ?"

"ಎಣ್ಸಾಕೆ ಬರಲ್ಲ ಸಾ. ನಮ್ಮ ಬೆಟ್ಟದ ಬಿದ್ರು ಊ ಬುಟ್ಟಾಗ ಇವ ಒಟ್ಟೇಲಿದ್ದ. ಕಾಳು ಉದ್ರಿದ್ ಮ್ಯಾಲೆ ಉಟ್ಟುದ. ಬಿದ್ರಕ್ಕಿ ಗಂಜಿ ಕುಡ್ದೇ ನಾ ಬಾಣಂತನ ಮಾಡ್ಕಂಡುದ್ದು."

ನಾನು ನೋಟ್‌ಬುಕ್ ತೆಗೆದೆ. ಬಿದಿರು ಹೂ ಬಿಟ್ಟ ವರ್ಷ. ಬೆರಳು ಮಡಿಚಿ ಲೆಕ್ಕ ಹಾಕಿದೆ. ಹದಿನೇಳು.

"ಹದಿನೇಳು ಆಗಿದೆ ನಿನ್ನ ಮಗನಿಗೆ" ಎಂದೆ.

"ಅಷ್ಟ್ ಆಗಿಲ್ಲ ಸಾ. ಇನ್ನೂ ಮಗ ಅವ. ಮೈ ಬೆಳ್ದದೆ ಅಷ್ಟೇಯ. ಅವರಪ್ಪನೂ ಅಂಗೇ ಇದ್ದ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ. ಬೋಳಿಸಿದ ಮೀಸೆಯ ಹದಿಮೂರು ಕಣ್ಣ ಮುಂದೆ ಬಂತು. ವರದಿಯಲ್ಲಿ, 'ಬಿದಿರು ಹೂ ಬಿಟ್ಟ ವರ್ಷ ಜನನ, ವಯಸ್ಸು ಹದಿನೇಳು' ಎಂದು ಬರೆದು ಸಹಿ ಹಾಕಿದೆ. ಸಾಹೇಬರು ವರದಿ ಓದಿ ಒಂದು ಗಳಿಗೆ ಹುಡುಗನ ಮುಖ ನೋಡಿದರು. "ಖಂಡಿತವೋ?" ಎಂದರು. "ಖಂಡಿತ" ಎಂದೆ. ಕೇಸು ಹಿಂದಿನ ಕೋಣೆಯಿಂದ ಮುಂದಿನ ಕೋರ್ಟಿಗೆ ಹೋಯಿತು. ಒಂದು ವರ್ಷದ ಶಿಕ್ಷೆ. ಜಡೆಯನ ಕೈಗೆ ಕೋಳ ಹಾಕಿ ಕೊಯಮತ್ತೂರಿಗೆ ಕರೆದೊಯ್ದರು. ಕೇತಮ್ಮ ಅಳಲಿಲ್ಲ. ಬಸ್ಸು ಹೋದ ದಿಕ್ಕಿಗೆ ನೋಡಿ, ಆಮೇಲೆ ನನ್ನನ್ನು ನೋಡಿ, "ಹೇಳುದ್ನಲ್ಲ ಸಾ" ಎಂದಳು. ಅಷ್ಟೇ. ನಾನು ಊಟಕ್ಕೆ ಮನೆಗೆ ಹೋದೆ.

ನಾಲ್ಕು ತಿಂಗಳಾದ ಮೇಲೆ ಬಂಡಳ್ಳಿಗೆ ಹೋಗಿದ್ದೆ. ಯಾರದೋ ನೇಗಿಲಿನ ಕಬ್ಬಿಣದ ಗುಳ ಕದ್ದಿದ್ದ ಇನ್ನೊಬ್ಬ ಹುಡುಗನ ವಿಚಾರಣೆಗೆ. ಅಲ್ಲಿ ಮಹದೇವಪ್ಪ ಎಂಬ ಹಿರಿಯ ಬೇಸಾಯಗಾರರಿದ್ದರು. ಹಣೆ ತುಂಬ ವಿಭೂತಿ, ಮಾತಿಗೆ ಮುಂಚೆ ಕೆಮ್ಮು, ಊರಿಗೆ ದೊಡ್ಡ ಮನೆ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪೈಕಿಯಲ್ಲ. ನಾನು ಮುದ್ದೆ ಮುರಿಯುತ್ತ, ಅವರ ಹಜಾರದಲ್ಲಿದ್ದ, ಧಾನ್ಯ ತುಂಬುವ ಭಾರಿ ಬಿದಿರಿನ ವಾಡೆಯನ್ನು ನೋಡಿ, "ಒಳ್ಳೇ ಬಿದಿರು" ಎಂದೆ. ಸುಮ್ಮನೆ ಮಾತಿಗೆ.

"ಅದು ಅಳೇ ಬಿದ್ರು ಕಣ್ರಿ. ಊ ಬುಟ್ಟು ಒಣ್ಗೋಕೆ ಮುಂಚೆ ಕಡ್ಸುದ್ದು. ಆಮ್ಯಾಕೆ ಎಲ್ಲದೆ ಅಂತಾ ಬಿದ್ರು? ನನ್ ಮೊಮ್ಮಗಳು ಉಟ್ಟುದ್ ವರ್ಸ ಎಲ್ಲಾ ಸತ್ತೋಯ್ತು."

"ಮೊಮ್ಮಗಳಿಗೆ ಎಷ್ಟು, ಹದಿನೇಳೋ?"

ಮಹದೇವಪ್ಪ ಕೆಮ್ಮಿ, ಒಳಗೆ ನೋಡಿ, "ಅದಿನೇಳು ಆಗೋಗಂಟ ಮನೇಲಿ ಮಡಿಕ್ಕಂಡಿದ್ನಾ?" ಎಂದರು. "ಅದ್ಮೂರು ತುಂಬ್ಯದೆ. ಜಾತ್ಕನೇ ಅದೆ."

"ಬಿದಿರು ಹೂ ಬಿಟ್ಟು ಹದಿನೇಳು ವರ್ಷದ ಮೇಲಾಯಿತಲ್ಲ" ಎಂದೆ. ನನ್ನ ಪಟ್ಟಿಯ ಜಂಬ ಇನ್ನೂ ಬಾಯಲ್ಲಿತ್ತು.

"ಅದು ಆ ಕಡೆ ರಂಗಪ್ಪನ ಬೆಟ್ಟದ್ದು. ನಮ್ಮ ಮಾದಪ್ಪನ ಬೆಟ್ಟದ್ದು ನಾಕು ವರ್ಸ ಬುಟ್ಟು ಊ ಬುಡ್ತು. ಬಿದ್ರು ಏನು ನಿಮ್ ಕೋಲ್ಟು ಗಂಟೆನಾ, ಎಲ್ಲಾ ಕಡೆ ಒಂದೇ ಸಲ ಒಡ್ಯಾಕೆ?"

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಮ್ಮ ಬೆಟ್ಟದ ಬಿದ್ರು ಎಂದಿದ್ದಳು ಕೇತಮ್ಮ. ನಾನು 'ನಮ್ಮ ಬೆಟ್ಟದ' ಎಂಬುದನ್ನು ಬಿಟ್ಟು 'ಬಿದಿರು' ಎಂದಷ್ಟೇ ಬರೆದಿದ್ದೆ. ಬಿದಿರೆಂದರೆ ಬಿದಿರು ಎಂಬ ಧಿಮಾಕು. ಹದಿನೇಳರಲ್ಲಿ ನಾಲ್ಕು ಕಳೆದರೆ ಹದಿಮೂರು. ಹದಿಮೂರು ವರ್ಷದ ಮಗು ನಾಲ್ಕು ತಿಂಗಳಿಂದ ಕೊಲೆಗಾರರ ನಡುವೆ ಮಲಗುತ್ತಿದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಊಟ ಬಿಟ್ಟು ಎದ್ದೆ. ಮಹದೇವಪ್ಪನವರ ಹೆಂಡತಿ ಗೌರಮ್ಮ ಸಾರು ಸೇರಲಿಲ್ಲವೇನೋ ಎಂದು ಬಾಗಿಲಿಗೆ ಬಂದರು. ಇಬ್ಬರಿಗೂ ವಿಷಯ ಹೇಳಿ, ಮತ್ತೆ ಬರುತ್ತೇನೆ ಎಂದು ಸೈಕಲ್ ಹತ್ತಿದೆ.

ಮಾರನೆಯ ದಿನ ಸಾಹೇಬರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ, ನಶ್ಯವನ್ನೂ ಏರಿಸಲಿಲ್ಲ. "ನಾನು ಕೊಟ್ಟ ತೀರ್ಪನ್ನು ನಾನೇ ತಿದ್ದಲಾರೆ. ಜಿಲ್ಲಾ ಕೋರ್ಟಿಗೆ ಬರೆಯಬೇಕು. ಬರೆಯಲು ಕಾರಣ ಬೇಕು, ಸಾಕ್ಷಿ ಬೇಕು. ಕಾರಣ ನೀವು. ಸಾಕ್ಷಿ ಎಲ್ಲಿ?" ಎಂದರು.

ಕೊಯಮತ್ತೂರಿನ ಮೇಲಧಿಕಾರಿ ನನ್ನನ್ನು ಕರೆಸಿಕೊಂಡು ಕಾಫಿ ಕುಡಿಸಿದರು. ಕಾಫಿ ಕುಡಿಸಿದಾಗಲೇ ನನಗೆ ಅನುಮಾನ. "ಯಾಕಯ್ಯ ಮೈಮೇಲೆ ಎಳೆದುಕೊಳ್ಳುತ್ತೀ? ಇನ್ನು ಎಂಟು ತಿಂಗಳು, ತಾನಾಗಿಯೇ ಹೊರಗೆ ಬರುತ್ತಾನೆ. ನಿನ್ನ ಪಟ್ಟಿ ತಪ್ಪು ಎಂದು ನೀನೇ ಬರೆದುಕೊಟ್ಟರೆ, ಇದುವರೆಗಿನ ಕೇಸುಗಳೆಲ್ಲ ಎದ್ದು ಕೂರುತ್ತವೆ. ನಿನ್ನ ನೌಕರಿಯೂ ಹೋಗುತ್ತದೆ" ಎಂದರು. ಅವರು ಕೆಟ್ಟವರಲ್ಲ. ಫೈಲು ಮಲಗಿದ್ದರೆ ಎಬ್ಬಿಸಬಾರದು ಎಂದು ನಂಬಿದವರು. ನಾನು, "ಎದ್ದು ಕೂತರೆ ಕೂರಲಿ ಸಾರ್. ಒಂದೊಂದನ್ನೂ ನಾನೇ ನೋಡುತ್ತೇನೆ" ಎಂದೆ. ನಮ್ಮದು ನೇಕಾರರ ಮನೆ, ನೌಕರಿ ಹೋದರೆ ಮಗ್ಗವಿತ್ತು. ಜಡೆಯನಿಗೆ ಮಾತ್ರ ನಾನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಅಲ್ಲಿಂದ ಜೈಲಿಗೆ ಹೋಗಿ ಹುಡುಗನನ್ನು ನೋಡಿದೆ. ತಲೆ ಬೋಳಿಸಿದ್ದರು. ಭುಜ ಅಗಲವಿದ್ದರೂ, ದೊಡ್ಡವರ ಅಳತೆಯ ಅಂಗಿಯ ತೋಳು ಬೆರಳಿನವರೆಗೆ ಬಂದಿತ್ತು. ಆ ಅಂಗಿಯಲ್ಲಿ ಅವನು ಮಗು ಎಂಬುದು ಕುರುಡನಿಗೂ ಕಾಣುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನು ಕೇಳಿದ್ದು ಒಂದೇ. "ಅವ್ವ ಮರದಡೀಲೇ ಕುಂತವಳಾ ಸಾ?"

ಸಾಕ್ಷಿ ಎಂದರೆ ಮಹದೇವಪ್ಪನವರ ಮೊಮ್ಮಗಳ ಜಾತಕ. ಸಂವತ್ಸರ, ಮಾಸ, ತಿಥಿ, ನಕ್ಷತ್ರ ಎಲ್ಲ ಬರೆದ ಕಾಗದ ಜಿಲ್ಲಾ ಕೋರ್ಟಿನ ಮುಂದೂ ನಿಲ್ಲುತ್ತದೆ. ಆ ಮಗು ಹುಟ್ಟಿದ ವರ್ಷವೇ ಮಹದೇಶ್ವರ ಬೆಟ್ಟದ ಬಿದಿರು ಸತ್ತಿತು ಎಂದು ಅವರು ಹೇಳಿದರೆ ಮುಗಿಯಿತು. ಬಂಡಳ್ಳಿಗೆ ಓಡಿದೆ. ಕೇಳಿದ ಕೂಡಲೇ ಮಹದೇವಪ್ಪ ಎರಡು ಕೈಯನ್ನೂ ಅಡ್ಡ ಆಡಿಸಿದರು.

"ಬೇಡಿ ಕಣ್ರಿ. ನನ್ ಮೊಮ್ಮಗಳ ಜಾತ್ಕ ಕೋಲ್ಟಿಗೋಗಿ, ಕಳ್ಳನ ಪೈಲಿಗೆ ಸೇರ್ಕಂಡು, ಮುದ್ರೆ ಒಡಿಸ್ಕಂಡು ಬಂದ್ರೆ ನಾಳೆ ಅದ್ನ ಯಾವ ಬೀಗ್ರ ಮುಂದೆ ಮಡಗ್ಲಿ? ಎಣ್ ಮಗ ಅದು. ಇನ್ನೊಂದೆರಡು ವರ್ಸಕ್ಕೆ ಗಂಡು ನೋಡ್ಬೇಕು."

ಅದು ಸುಮ್ಮನೆ ನೆಪವಲ್ಲ. ನಮ್ಮ ಕಡೆ ಜಾತಕ ಮನೆ ಬಿಟ್ಟು ಹೊರಡುವುದು ಸಂಬಂಧ ಕೂಡಿಸುವಾಗ ಮಾತ್ರ. ಅರಿಶಿನ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಮುಹೂರ್ತ ನೋಡಿ ತೆಗೆಯುವ ವಸ್ತು. ಅದರ ಮೇಲೆ ಕೋರ್ಟಿನ ಗುರುತು ಬಿದ್ದರೆ ಹೆಣ್ಣಿನ ಹೆಸರಿನ ಮೇಲೆ ಬಿದ್ದ ಹಾಗೆ. ನನಗೂ ತಂಗಿಯರಿದ್ದರು. ಬಲವಂತ ಮಾಡುವ ಹಾಗಿರಲಿಲ್ಲ. ಆದರೆ ಬಿಡುವ ಹಾಗೂ ಇರಲಿಲ್ಲ. ಮೂರು ಭಾನುವಾರ ಸೈಕಲ್ ತುಳಿದು ಹೋಗಿ ಅವರ ಜಗಲಿಯ ಮೇಲೆ ಕೂತೆ. ಅವರು ಮಳೆ ಬೆಳೆ ಮಾತಾಡಿದರು, ನಾನೂ ಮಾತಾಡಿದೆ. ಹೊರಡುವಾಗ ಪ್ರತಿ ಸಲವೂ, "ಹುಡುಗ ಇನ್ನೂ ಒಳಗೇ ಇದ್ದಾನೆ ಯಜಮಾನರೇ" ಎಂದು ಹೇಳಿ ಬರುತ್ತಿದ್ದೆ.

ಮೂರನೆಯ ಭಾನುವಾರ ಗೌರಮ್ಮ ಬಾಗಿಲಿಗೆ ಬಂದು ನಿಂತರು. ಗಂಡನಿಗೆ ಹೇಳುವ ಹಾಗೆ, ನನಗೂ ಕೇಳುವ ಹಾಗೆ ಹೇಳಿದರು.

"ಆ ವರ್ಸ ನಮ್ ಮಗ್ಳು ಎರ್ಗೆಯಾಗಿ ಮಲ್ಗಿದ್ದಾಗ ಮಳೆ ಇಲ್ದೆ ವಾಡೆ ಬರ್ದಾಗಿತ್ತು. ಬೆಟ್ಟದಿಂದ ಆ ಸೋಲಿಗರ ಎಂಗಸ್ರು ಬಿದ್ರಕ್ಕಿ ತಂದು ಆಕುದ್ರು. ಬಾಣ್ತಿಗೂ ಅದೇ ಗಂಜಿ ಕಾಯ್ಸಿ ಕೊಟ್ಟೆ ನಾನು. ಇವತ್ತು ಅವರವಳೊಬ್ಬಳ ಮಗ ಜೈಲಲ್ಲವ್ನೆ, ನಮ್ ಪೆಟ್ಟಿಗೇಲಿ ಕಾಗ್ದ ಅದೆ. ಉಂಡ ಬಾಯಿ ಮುಚ್ಕಂಡ್ರೆ ಆ ಜಾತ್ಕದಲ್ಲಿ ಏನ್ ಒಳ್ಳೇದು ಬರ್ದಿದ್ರೆ ಏನು?"

ಮಹದೇವಪ್ಪ ಬಹಳ ಹೊತ್ತು ಕೆಮ್ಮಿದರು. ಆಮೇಲೆ, "ಮುದ್ರೆ ಒಡಿಯಾಕಿಲ್ಲ ಅಂದ್ರೆ ನಾನೇ ತಕಂಡ್ ಬತ್ತೀನಿ. ನನ್ ಕೈಯಿಂದ ಈಚೆ ಓಗ್ಬಾರ್ದು" ಎಂದರು.

ಜಿಲ್ಲಾ ಕೋರ್ಟು ನನ್ನ ತಪ್ಪೊಪ್ಪಿಗೆಯನ್ನು ಓದಿ, ವಯಸ್ಸನ್ನು ಹೊಸದಾಗಿ ವಿಚಾರಿಸಿ ಕಳಿಸಿ ಎಂದು ನಮ್ಮ ಸಾಹೇಬರಿಗೇ ಬರೆಯಿತು. ವಿಚಾರಣೆ ಶನಿವಾರ, ಹಿಂದಿನ ಕೋಣೆಯಲ್ಲಿ. ಯಳಂದೂರಿನಿಂದ ರಂಗಯ್ಯನನ್ನೂ ಕರೆತಂದಿದ್ದೆ. ಬೇರೆ ಸರ್ಕಾರದ ಮನುಷ್ಯ, ಸಮನ್ಸ್ ಕಳಿಸಿ ತರಿಸುವುದಾದರೆ ವರ್ಷ ಹಿಡಿಯುತ್ತಿತ್ತು. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದೆ. ಅವನು, "ನಾ ಏಳಿದ್ದು ನಮ್ ಬೆಟ್ಟುದ್ದು ಸಾ. ಇವ್ರು ಯಾವ ಬೆಟ್ಟ ಅಂತ ಕೇಳ್ಲೇ ಇಲ್ವಲ್ಲ" ಎಂದ. ಎಲ್ಲರ ಮುಂದೆ ಆ ಮಾತು ಕೇಳಿಸಿಕೊಂಡೆ. ಕೇಳಿಸಿಕೊಳ್ಳಬೇಕಾದದ್ದೇ.

ಆಮೇಲೆ ಮಹದೇವಪ್ಪ ಎದ್ದರು. ಜಾತಕವನ್ನು ಬಟ್ಟೆಯಿಂದ ಬಿಡಿಸಿ ಎದೆಗೆ ಅವುಚಿಕೊಂಡು ನಿಂತರು. ಗುಮಾಸ್ತ ಅಭ್ಯಾಸಬಲದಿಂದ ಮುದ್ರೆಯನ್ನು ಮುಂದಕ್ಕೆ ಎಳೆದ. ಸಾಹೇಬರು ಅದನ್ನು ತೆಗೆದು ತಮ್ಮ ಮೇಜಿನ ಖಾನೆಯಲ್ಲಿಟ್ಟು ಮುಚ್ಚಿದರು. ತಾವೇ ಕುರ್ಚಿಯಿಂದ ಎದ್ದು ಮಹದೇವಪ್ಪನವರ ಪಕ್ಕಕ್ಕೆ ಹೋದರು. ಕಾಗದವನ್ನು ಮುಟ್ಟದೆ, ಕೈಕಟ್ಟಿಕೊಂಡು ಬಗ್ಗಿ, ಸಂವತ್ಸರವನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಅವರ ಕನ್ನಡ ಅಷ್ಟಕ್ಕಷ್ಟೇ, ಓದುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ನೋಡಿದೆ. ಮನೆಗೆ ತೆಗೆದುಕೊಂಡು ಹೋಗಿ" ಎಂದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಇವರನ್ನು ಮಾತ್ರ ಇವತ್ತಿಗೂ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.

ಎರಡು ವಾರಕ್ಕೆ ಆದೇಶ ಬಂತು. ಜಡೆಯನನ್ನು ಕೊಳ್ಳೇಗಾಲಕ್ಕೆ ಕರೆತಂದರು. ಒಟ್ಟು ಆರು ತಿಂಗಳ ಮೇಲಾಗಿತ್ತು. ಸಣ್ಣ ಕೋಣೆಯಲ್ಲಿ ಕೇತಮ್ಮ ಒಂದು ಮೂಲೆಯಲ್ಲಿ, ಹುಡುಗ ಸಾಹೇಬರ ಮುಂದೆ. ಸಾಹೇಬರು ಮೆತ್ತಗೆ, "ತಂಬಿ, ನಿನಗೆ ವಯಸ್ಸೆಷ್ಟು?" ಎಂದರು.

ಹುಡುಗ ಎರಡು ಕಾಲು ಜೋಡಿಸಿ, ಕೈ ತೊಡೆಗೆ ಅಂಟಿಸಿ, ಗೋಡೆ ನೋಡುತ್ತ, "ಹದಿನೇಳು ಸಾರ್" ಎಂದ.

ಜೈಲಿನಲ್ಲಿ ದಿನವೂ ಎಣಿಕೆಯ ಹೊತ್ತಿಗೆ ಹೆಸರು, ವಯಸ್ಸು, ಶಿಕ್ಷೆ ಒಪ್ಪಿಸಬೇಕಾಗಿತ್ತಂತೆ. ನಾನು ಬರೆದದ್ದನ್ನು ಅವನು ಬಾಯಿಪಾಠ ಮಾಡಿದ್ದ. ಕೇತಮ್ಮ ಮೂಲೆಯಿಂದ ಎದ್ದು ಬಂದು ಅವನ ತೊಡೆಗೆ ಅಂಟಿದ್ದ ಕೈಯನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ಸಾಹೇಬರು ಅವನನ್ನು ತಾಯಿಯ ವಶಕ್ಕೆ ಒಪ್ಪಿಸಿ, ಒಂದು ವರ್ಷ ನನ್ನ ಮೇಲ್ವಿಚಾರಣೆ ಎಂದು ಬರೆದರು. ಹೊರೆ ಕೊಟ್ಟ ಮೇಸ್ತ್ರಿ ಕೊನೆಗೂ ಸಿಗಲಿಲ್ಲ. ಆ ಸಿಟ್ಟು ಇನ್ನೂ ನನ್ನಲ್ಲಿದೆ, ಇರಲಿ ಎಂದೇ ಇಟ್ಟುಕೊಂಡಿದ್ದೇನೆ.

ನನ್ನ ನೌಕರಿ ಹೋಗಲಿಲ್ಲ. ಒಂದು ಛೀಮಾರಿ ಬಂತು. ಅದರ ಮೇಲೆ ನೋಟ್‌ಬುಕ್ ಹಿಡಿದುಕೊಂಡು ಹಳೆಯ ಕೇಸುಗಳನ್ನೆಲ್ಲ ಮತ್ತೆ ತೆಗೆದೆ. ಬಿದಿರಿನ ಲೆಕ್ಕದಲ್ಲಿ ಇನ್ನೊಬ್ಬ ಸಿಕ್ಕ, ಅವನನ್ನೂ ಬಿಡಿಸಿದೆವು. ಪಟ್ಟಿಯನ್ನು ಸುಡಲಿಲ್ಲ. ಒಂದೊಂದು ಸಾಲಿನ ಮುಂದೂ ಯಾವ ಊರು, ಯಾವ ಬೆಟ್ಟ, ಯಾರು ಹೇಳಿದ್ದು ಎಂದು ಬರೆದೆ. ಮೂರು ತಿಂಗಳು ಹಿಡಿಯಿತು. ಆಮೇಲೆ ಅದು ನಿಜವಾಗಿ ಕೆಲಸಕ್ಕೆ ಬರುವ ಪಟ್ಟಿಯಾಯಿತು.

ಜಡೆಯನನ್ನು ನೋಡಲು ತಿಂಗಳಿಗೊಮ್ಮೆ ಹನೂರಿನವರೆಗೆ ಸೈಕಲ್ಲಿನಲ್ಲಿ, ಅಲ್ಲಿಂದ ಪೋಡಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದೆ. ಮೊದಮೊದಲು ನನ್ನನ್ನು ಕಂಡರೆ ಕಾಲು ಜೋಡಿಸಿ ನಿಲ್ಲುತ್ತಿದ್ದ. ನಾನು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ವಯಸ್ಸೆಷ್ಟಪ್ಪ?" ಅವನು ಪ್ರತಿ ಸಲವೂ ಹದಿನೇಳು ಎನ್ನುತ್ತಿದ್ದ. ನಾನು ಬೈಯಲಿಲ್ಲ, ತಿದ್ದಲಿಲ್ಲ. ಕೂತು, ಅವರು ಕೊಟ್ಟ ಗೆಣಸು ತಿಂದು, ವಾಪಸು ಬರುತ್ತಿದ್ದೆ. ಐದಾರು ತಿಂಗಳಾದ ಮೇಲೆ ಕಾಲು ಜೋಡಿಸುವುದನ್ನು ಬಿಟ್ಟ. ಆಮೇಲೆ ಪ್ರಶ್ನೆಗೆ ಉತ್ತರ ಹೇಳುವುದನ್ನೇ ಬಿಟ್ಟ. ನಾನು ಕೇಳುವುದನ್ನು ಬಿಡಲಿಲ್ಲ.

ವರ್ಷದ ಕೊನೆಯ ಭೇಟಿಯಲ್ಲಿ ಅವನು ಗುಡಿಸಲಿನ ಹಿಂದೆ ಬೆಳೆದು ನಿಂತ ಹೊಸ ಬಿದಿರಿನ ನಡುವೆ ಕಳೆ ಕೀಳುತ್ತಿದ್ದ. ಸತ್ತ ಮೆಳೆಯ ಕಾಳಿನಿಂದ ಎದ್ದ ಬಿದಿರು, ಅವನಷ್ಟೇ ವಯಸ್ಸಿನದು. ಕೊನೆಯ ವರದಿ ಬರೆಯಲು ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

"ಜಡೆಯ, ವಯಸ್ಸೆಷ್ಟಪ್ಪ?"

ಅವನು ತಲೆ ಎತ್ತಲಿಲ್ಲ. ಕೈಯ ಮಣ್ಣು ಕೊಡವಿಕೊಂಡು, ನಾನೇ ಒಬ್ಬ ದಡ್ಡ ಹುಡುಗ ಎನ್ನುವ ಹಾಗೆ ಹೇಳಿದ.

"ಅವ್ವುನ್ನ ಕೇಳಿ ಸಾ. ಅವ್ಳಿಗ್ ಗೊತ್ತು."

ನಾನು ಕೇತಮ್ಮನ ಕಡೆ ತಿರುಗಿ ಕೇಳಿದೆ. ಅವಳು ಮತ್ತೆ ಮೊದಲಿನಿಂದ ಹೇಳಿದಳು. ನಮ್ಮ ಬೆಟ್ಟದ ಬಿದಿರು ಹೂ ಬಿಟ್ಟಾಗ ಇವನು ಹೊಟ್ಟೆಯಲ್ಲಿದ್ದ, ಕಾಳು ಉದುರಿದ ಮೇಲೆ ಹುಟ್ಟಿದ. ಅವಳು ಹೇಳಿದ ಹಾಗೆಯೇ, ಒಂದು ಮಾತನ್ನೂ ಬಿಡದೆ ಬರೆದುಕೊಂಡೆ.